ಆವರಣದೊಳಗಿನ ಕೇಸರಿ

1947ರ ಜುಲೈ 22ರಂದು ಜವಾಹರಲಾಲ್ ನೆಹರೂ ಸಂವಿಧಾನ ರಚನಾ ಸಭೆಯ ಮುಂದೆ ರಾಷ್ಟ್ರಧ್ವಜದ ಗೊತ್ತುವಳಿಯನ್ನು ಮಂಡಿಸಿದರು. ಗೊತ್ತುವಳಿ ಚಿಕ್ಕದು. ಇಂಗ್ಲಿಷಿನಲ್ಲಿರುವ ಆ ಪಠ್ಯದಲ್ಲಿ ಮೂರು ಪಟ್ಟಿಗಳ ಬಣ್ಣವನ್ನು ಹೆಸರಿಸಲಾಗಿದೆ. ಬಿಳಿಗೆ ಬರೀ ‘ವೈಟ್’, ಹಸಿರಿಗೆ ‘ಡಾರ್ಕ್ ಗ್ರೀನ್’. ಮೇಲಿನ ಪಟ್ಟಿಗೆ ಮಾತ್ರ ‘ಡೀಪ್ ಸ್ಯಾಫ್ರನ್’ ಎಂದು ಬರೆದು, ಅದು ಸಾಲದೆಂಬಂತೆ ಪಕ್ಕದಲ್ಲೇ ಆವರಣ ತೆರೆದು ‘ಕೇಸರಿ’ ಎಂದು ಸೇರಿಸಲಾಗಿದೆ. ಬಿಳಿಗಾಗಲಿ ಹಸಿರಿಗಾಗಲಿ ಈ ದೇಶದ ಭಾಷೆಯೊಂದರ ಸಹಾಯ ಬೇಕಾಗಲಿಲ್ಲ. ಕೆಂಪಿಗೂ ಹಳದಿಗೂ ನಡುವೆ ಎಲ್ಲೋ ಇರುವ ಆ ಒಂದು ಬಣ್ಣಕ್ಕೆ ಬೇಕಾಯಿತು.

ಬೇಕಾದದ್ದಕ್ಕೆ ಕಾರಣವೂ ಇದೆ. ಇಂಗ್ಲಿಷಿನವರಿಗೆ ಸ್ಯಾಫ್ರನ್ ಎಂದರೆ ಹೆಚ್ಚುಕಡಿಮೆ ಹಳದಿ. ಅವರ ಎಣಿಕೆ ತಪ್ಪೂ ಅಲ್ಲ. ಕೇಸರಿಯ ಎಸಳನ್ನು ಬಿಸಿ ಹಾಲಿಗೆ ಹಾಕಿದವರಿಗೆ ಇದು ಗೊತ್ತು: ಎಸಳು ಕಡುಗೆಂಪು, ಬಿಡುವ ಬಣ್ಣ ಹೊನ್ನಿನ ಹಳದಿ. ಬಟ್ಟೆಯನ್ನು ಅದೇ ಕೇಸರಿಯಲ್ಲಿ ಅದ್ದಿದರೂ ಹಳದಿಯೇ ಬರುತ್ತದೆ. ನಾವು ‘ಕೇಸರಿ ಬಣ್ಣ’ ಎನ್ನುವುದು ಕೇಸರಿಯಿಂದ ಬರುವ ಬಣ್ಣವಲ್ಲ. ಅಷ್ಟು ದುಬಾರಿ ವಸ್ತುವನ್ನು ಬಟ್ಟೆಗೆ ಸುರಿಯುವವರು ಎಲ್ಲ ಕಾಲದಲ್ಲೂ ಕಡಿಮೆಯೇ. ಉತ್ತರದ ಬಯಲಿನಲ್ಲಿ ಹೋಳಿಯ ಹೊತ್ತಿಗೆ ಕೇಸರಿ ಬಣ್ಣ ಬರುತ್ತಿದ್ದದ್ದು ಮುತ್ತುಗದ ಹೂವಿನಿಂದ. ಇನ್ನು ನಮ್ಮ ಕೇಸರಿಬಾತಿನ ಬಣ್ಣ ಯಾವ ಡಬ್ಬಿಯಿಂದ ಬರುತ್ತದೆ ಎಂಬುದನ್ನು ಕೇಳದಿರುವುದೇ ಒಳ್ಳೆಯದು.

ಪದದ ಜಾತಕ ಇನ್ನೂ ಸಿಕ್ಕುಸಿಕ್ಕಾಗಿದೆ. ಸಂಸ್ಕೃತದ ‘ಕೇಸರ’ ಎಂದರೆ ಕೂದಲು, ಎಳೆ, ಹೂವಿನ ಎಳೆ. ಕುತ್ತಿಗೆಯ ತುಂಬ ಕೇಸರ ಇರುವುದರಿಂದಲೇ ಸಿಂಹ ಕೇಸರಿಯಾಯಿತು. ಇದೇ ಗಿಡಕ್ಕೆ ಸಂಸ್ಕೃತದಲ್ಲಿ ಇನ್ನೊಂದು ಹೆಸರೂ ಇತ್ತು: ಕುಂಕುಮ. ಕನ್ನಡದಲ್ಲಿ ಈಗ ಕುಂಕುಮ ಎಂದರೆ ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ ಮಾಡಿದ ಕೆಂಪು ಪುಡಿ. ಹಳೆಯ ಅರ್ಥ ‘ಕುಂಕುಮ ಕೇಸರಿ’ ಎಂಬ ಜೋಡುಪದದಲ್ಲಿ ಮಾತ್ರ ಉಳಿದಿದೆ. ಅಂದರೆ ಒಂದೇ ಹೂವಿನ ಎರಡು ಹೆಸರುಗಳಲ್ಲಿ ಒಂದು ಕೆಂಪಿನ ಕಡೆಗೂ ಇನ್ನೊಂದು ಕಿತ್ತಳೆಯ ಕಡೆಗೂ ನಡೆದುಬಿಟ್ಟವು. ಭಾರತದ ಧ್ವಜದ ಒಂದು ಪಟ್ಟಿ ಇಪ್ಪತ್ತನೆಯ ಶತಮಾನದಲ್ಲಿ ಹಾದುಬಂದದ್ದು ಸರಿಯಾಗಿ ಈ ಎರಡರ ನಡುವಿನ ದಾರಿಯನ್ನೇ.

ಮೊದಲು ಅಲ್ಲಿದ್ದದ್ದು ಕೆಂಪು. 1921ರಲ್ಲಿ ಬೆಜವಾಡದ ಕಾಂಗ್ರೆಸ್ ಸಭೆಯ ವೇಳೆಗೆ ಪಿಂಗಳಿ ವೆಂಕಯ್ಯ ಗಾಂಧೀಜಿಗೆ ಕೊಟ್ಟ ನಮೂನೆಯಲ್ಲಿ ಕೆಂಪು ಮತ್ತು ಹಸಿರು ಎರಡೇ ಬಣ್ಣಗಳಿದ್ದವು. ಗಾಂಧೀಜಿ ಬಿಳಿಯನ್ನು ಸೇರಿಸಿದರು. ಚರಕದ ಸಲಹೆ ಜಲಂಧರದ ಲಾಲಾ ಹಂಸರಾಜರದು. ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ. ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದೆಲ್ಲರಿಗೆ. ಚರಕವನ್ನು ತೆಗೆದು ನೋಡಿದರೆ ಇದು 1879ರಿಂದಲೂ ಇರುವ ಬಲ್ಗೇರಿಯಾದ ಧ್ವಜವೇ, ಪಟ್ಟಿಗಳ ಕ್ರಮ ಕೂಡ ಅದೇ. ಆದರೆ ತೊಡಕು ಬಂದದ್ದು ಬಲ್ಗೇರಿಯಾದಿಂದಲ್ಲ, ಬಣ್ಣಗಳಿಗೆ ಹಚ್ಚಿದ ಅರ್ಥದಿಂದ. ಒಂದು ಬಣ್ಣಕ್ಕೆ ಒಂದು ಸಮುದಾಯ ಎಂದು ಹೇಳಿದ ಮೇಲೆ ‘ಉಳಿದೆಲ್ಲರು’ ಸುಮ್ಮನಿರುವುದು ಹೇಗೆ? 1929ರ ಹೊತ್ತಿಗೆ ಸಿಖ್ಖರು ತಮ್ಮ ಬಣ್ಣಕ್ಕೂ ಜಾಗ ಕೇಳಿದರು. ಹೀಗೇ ಹೋದರೆ ಧ್ವಜದಲ್ಲಿ ಪಟ್ಟಿಗಳಿಗೆ ಕೊನೆಯಿರುತ್ತಿರಲಿಲ್ಲ.

1931ರ ಏಪ್ರಿಲ್‌ನಲ್ಲಿ, ಕರಾಚಿ ಅಧಿವೇಶನ ಮುಗಿದ ಬೆನ್ನಿಗೆ, ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಏಳು ಜನರ ಧ್ವಜ ಸಮಿತಿಯನ್ನು ನೇಮಿಸಿತು. ವಲ್ಲಭಭಾಯಿ ಪಟೇಲ್, ಮೌಲಾನಾ ಆಜಾದ್, ಮಾಸ್ಟರ್ ತಾರಾ ಸಿಂಗ್, ನೆಹರೂ, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಮತ್ತು ನಮ್ಮ ನಾ.ಸು. ಹರ್ಡೀಕರ್. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ನೆಲೆಸಿ, 1923ರಲ್ಲಿ ಸೇವಾದಳವನ್ನು ಕಟ್ಟಿದ ಹರ್ಡೀಕರರು ಈ ಪಟ್ಟಿಯಲ್ಲಿರುವುದು ಸಹಜವೇ. ಧ್ವಜವನ್ನು ಹೇಗೆ ಏರಿಸಬೇಕು, ಹೇಗೆ ಇಳಿಸಬೇಕು, ಅದರೆದುರು ಹೇಗೆ ನಿಲ್ಲಬೇಕು ಎಂಬ ಶಿಸ್ತನ್ನು ಸ್ವಯಂಸೇವಕರಿಗೆ ಕಲಿಸಿದ್ದೇ ಸೇವಾದಳ.

ಏಳು ಜನ ಕೂಡಿ ಕೊಟ್ಟ ಶಿಫಾರಸು ಇಂದು ಓದಿದರೆ ಆಶ್ಚರ್ಯವಾಗುತ್ತದೆ. ಮೂರು ಬಣ್ಣವೂ ಬೇಡ, ಒಂದೇ ಬಣ್ಣವಿರಲಿ, ಅದು ಕೇಸರಿಯಾಗಿರಲಿ, ಮೂಲೆಯಲ್ಲಿ ಚರಕವಿರಲಿ ಎಂದರು. ಇಡೀ ದೇಶಕ್ಕೆ ಒಪ್ಪುವ, ಬೇರೆ ದೇಶಗಳ ಧ್ವಜಗಳಿಂದ ಎದ್ದು ಕಾಣುವ, ಹಳೆಯ ಪರಂಪರೆಯ ನಂಟಿರುವ ಬಣ್ಣ ಯಾವುದಾದರೂ ಇದ್ದರೆ ಅದು ಕೇಸರಿ ಎಂಬುದು ಅವರ ವಾದದ ತಿರುಳು. ಈ ವರದಿಗೆ ಆಜಾದರೂ ತಾರಾ ಸಿಂಗರೂ ಒಪ್ಪಿದ್ದರು ಎಂಬುದನ್ನು ಮರೆಯಬಾರದು. 1931ರ ಕಣ್ಣಿಗೆ ಆ ಬಣ್ಣ ಒಬ್ಬರದೇ ಆಗಿ ಕಂಡಿರಲಿಲ್ಲ, ಕನಿಷ್ಠ ಆ ಏಳು ಜನರ ಕಣ್ಣಿಗೆ.

ಆದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಗೆ ಹಾಗೆ ಕಾಣಲಿಲ್ಲ. ಇಡೀ ಬಟ್ಟೆಯೇ ಕೇಸರಿಯಾದರೆ ಅದು ಒಂದೇ ಸಮುದಾಯದ ಬಾವುಟದಂತೆ ಕಂಡೀತು ಎಂಬ ಅಳುಕಿತ್ತು. ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಸಭೆ ಒಂದು ರಾಜಿಸೂತ್ರ ಹಿಡಿಯಿತು: ಮೂರು ಪಟ್ಟಿ ಉಳಿಯಲಿ, ಕೆಂಪು ಹೋಗಿ ಕೇಸರಿ ಬರಲಿ, ಅದು ಮೇಲಕ್ಕೇರಲಿ, ಬಿಳಿ ನಡುವೆ ಬರಲಿ, ಚರಕ ಬಿಳಿಯ ಮೇಲೆ ಕೂರಲಿ. ಜೊತೆಗೆ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಲಾಯಿತು. ಬಣ್ಣಗಳು ಇನ್ನು ಜನಾಂಗಗಳ ಗುರುತಲ್ಲ, ಗುಣಗಳ ಗುರುತು. ಕೇಸರಿ ಎಂದರೆ ಧೈರ್ಯ ಮತ್ತು ತ್ಯಾಗ.

ಕೆಂಪಿನಿಂದ ಕೇಸರಿಗೆ ಹೋಗುವುದು ಬಣ್ಣದ ಚಕ್ರದಲ್ಲಿ ಒಂದು ಸಣ್ಣ ಹೆಜ್ಜೆ. ಬಣ್ಣಗಾರನ ಬಾನೆಯಲ್ಲಿ ಸ್ವಲ್ಪ ಹಳದಿ ಹೆಚ್ಚಾದರೆ ಸಾಕು. ಆದರೆ ಆ ಸಣ್ಣ ಹೆಜ್ಜೆಯ ಕೆಲಸ ದೊಡ್ಡದು. ಹತ್ತು ವರ್ಷ ಜನ ಹೇಳಿಕೊಂಡು ಬಂದಿದ್ದ ‘ಕೆಂಪು ಇವರದು, ಹಸಿರು ಅವರದು’ ಎಂಬ ಲೆಕ್ಕವನ್ನು ಅದೇ ಕೆಂಪನ್ನು ಇಟ್ಟುಕೊಂಡು ಅಳಿಸಲಾಗುತ್ತಿರಲಿಲ್ಲ. ತೀರ ದೂರದ ಬಣ್ಣ ತಂದಿದ್ದರೆ ಅದು ಬೇರೆಯೇ ಧ್ವಜವಾಗುತ್ತಿತ್ತು. ಅದೇ ಧ್ವಜ ಹಿಡಿದು ಲಾಠಿ ತಿಂದವರು ಒಪ್ಪುತ್ತಿರಲಿಲ್ಲ. ಹಳೆಯದೇ ಎನಿಸುವಷ್ಟು ಹತ್ತಿರ, ಹಳೆಯ ಅರ್ಥ ಅಂಟದಷ್ಟು ದೂರ: ಪಕ್ಕದ ಬಣ್ಣವನ್ನು ಆರಿಸಿದ್ದರಲ್ಲಿ ಆ ಸಭೆಯ ಜಾಣ್ಮೆಯಿತ್ತು.

ಇದೇ ದಾರಿಯನ್ನು ಹಿಂದುಮುಂದಾಗಿ ನಡೆದ ದೇಶವೂ ಇದೆ. ಡಚ್ಚರ ಹಳೆಯ ಧ್ವಜದಲ್ಲಿ ರಾಜಕುಮಾರ ಆರೆಂಜನ ಹೆಸರಿನ ಕಿತ್ತಳೆ ಪಟ್ಟಿ ಇತ್ತು. ಹದಿನೇಳನೆಯ ಶತಮಾನದಲ್ಲಿ ಅದು ಮೆಲ್ಲಗೆ ಕೆಂಪಾಯಿತು. ಕಡಲಿನ ಬಿಸಿಲಿಗೆ ಕಿತ್ತಳೆ ಮಾಸುತ್ತಿತ್ತು ಎನ್ನುವವರಿದ್ದಾರೆ, ರಾಜಕುಮಾರನ ಕಡೆಯವರ ಬಲ ಕುಗ್ಗಿತ್ತು ಎನ್ನುವವರೂ ಇದ್ದಾರೆ. ಕಿತ್ತಳೆಯೋ ಕೆಂಪೋ ಎಂಬ ಜಗಳ ಅಲ್ಲಿ ಎಷ್ಟು ಕಾಲ ಉಳಿಯಿತೆಂದರೆ, ಕೊನೆಗೆ 1937ರ ಫೆಬ್ರವರಿಯಲ್ಲಿ ರಾಣಿ ವಿಲ್ಹೆಲ್ಮಿನಾ ಆಜ್ಞೆ ಹೊರಡಿಸಿ ಕೆಂಪು, ಬಿಳಿ, ನೀಲಿ ಎಂದು ತೀರ್ಮಾನಿಸಬೇಕಾಯಿತು.

ನಮ್ಮಲ್ಲಿ 1947ರಲ್ಲಿ ಚರಕದ ಜಾಗಕ್ಕೆ ಅಶೋಕನ ಚಕ್ರ ಬಂತು; ಅದು ಬೇರೆಯೇ ಕಥೆ. ನೆಹರೂ ಆ ದಿನ ಸಭೆಗೆ ಎರಡು ಧ್ವಜಗಳನ್ನು ತೋರಿಸಿದರು, ಒಂದು ರೇಷ್ಮೆ ಖಾದಿಯದು, ಇನ್ನೊಂದು ಹತ್ತಿಯದು. ಬಣ್ಣಗಳಿಗೆ ಕೋಮಿನ ಅರ್ಥವಿಲ್ಲ ಎಂದು ಮತ್ತೊಮ್ಮೆ ಹೇಳಿದರು. ಬಳಿಕ ಮಾತಾಡಿದ ಎಸ್. ರಾಧಾಕೃಷ್ಣನ್ ಮೇಲಿನ ಪಟ್ಟಿಯನ್ನು ತ್ಯಾಗದ, ನಿಸ್ಪೃಹತೆಯ ಬಣ್ಣ ಎಂದು ವಿವರಿಸಿದರು. ಹಾಗೆ ವಿವರಿಸುವಾಗ ಅವರು ಬಳಸಿದ ಪದ ‘ಭಗವಾ’. ಗೊತ್ತುವಳಿಯಲ್ಲಿ ಕೇಸರಿ, ಭಾಷಣದಲ್ಲಿ ಭಗವಾ. ಒಂದೇ ದಿನ, ಒಂದೇ ಸಭೆ, ಒಂದೇ ಬಟ್ಟೆ.

ಎರಡೂ ಒಂದೇ ಅಲ್ಲವೇ ಎಂದು ಪುಣೆಯಲ್ಲಿರುವ ಕನ್ನಡಿಗರನ್ನು ಯಾರೂ ಕೇಳಲಾರರು. ಮರಾಠಿಯಲ್ಲಿ ಶಿವಾಜಿಯ ಧ್ವಜ ಭಗವಾ, ರಾಷ್ಟ್ರಧ್ವಜದ ಪಟ್ಟಿ ಕೇಶರಿ. ನೋಡಲು ಬಣ್ಣ ಹತ್ತಿರದ್ದೇ ಆದರೂ ನಾಲಿಗೆ ಎರಡನ್ನೂ ಬೆರೆಸುವುದಿಲ್ಲ. ಎಲ್ಲ ಭಾಷೆಗಳೂ ಹೀಗೆ ಬೇರೆ ಮಾಡಿಕೊಂಡಿಲ್ಲ. ರಾಷ್ಟ್ರಧ್ವಜದ ಮೇಲಿನ ಪಟ್ಟಿಗೆ ಹಿಂದಿಯಲ್ಲಿ ‘ಕೇಸರಿಯಾ’, ಕನ್ನಡದಲ್ಲಿ ‘ಕೇಸರಿ’. ತೆಲುಗಿನಲ್ಲಿ ಹೆಚ್ಚಾಗಿ ‘ಕಾಷಾಯ’, ತಮಿಳಿನಲ್ಲಿ ‘ಕಾವಿ’, ಬಂಗಾಳಿಯಲ್ಲಿ ‘ಗೇರುಆ’, ಮಲಯಾಳದಲ್ಲಿ ‘ಕುಂಕುಮ’. ಅನುವಾದಕರಿಗೆ ಇದು ದಿನನಿತ್ಯದ ಪೇಚು. ಆವರಣದೊಳಗೆ ಇಟ್ಟು ಭದ್ರಪಡಿಸಿದ ಒಂದು ಪದ, ದೇಶದೊಳಗೆ ಹೊರಟಕೂಡಲೇ ಒಂದು ಕಡೆ ಹೂವಿನ ಎಳೆಯಾಗುತ್ತದೆ, ಇನ್ನೊಂದು ಕಡೆ ಕೆಮ್ಮಣ್ಣಾಗುತ್ತದೆ, ಮತ್ತೊಂದು ಕಡೆ ಭಿಕ್ಷುವಿನ ಬಟ್ಟೆಯಾಗುತ್ತದೆ. ‘ಕಷಾಯ’ ಎಂದರೆ ಮೂಲದಲ್ಲಿ ಒಗರು, ತೊಗಟೆ ಬೇರುಗಳನ್ನು ಕುದಿಸಿದ ರಸ. ಅದರಲ್ಲಿ ಅದ್ದಿದ ಬಟ್ಟೆ ಕಾಷಾಯ. ‘ಗೇರು’ ಎಂದರೆ ಕಬ್ಬಿಣದ ಅಂಶವಿರುವ ಕೆಂಪು ಮಣ್ಣು. ಮಲಯಾಳಿಗಳ ಕುಂಕುಮವಂತೂ ಮೊದಲು ಹೇಳಿದ ಹೂವಿನ ಹಳೆಯ ಹೆಸರೇ.

ಕಾವಿಯ ವಿಷಯ ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ಸ್ವಾಮಿಗಳ ಬಟ್ಟೆ ಕಾವಿ. ಅದು ಕಿತ್ತಳೆಗೆ ಹತ್ತಿರ. ಆದರೆ ಗೋವಾ ಮತ್ತು ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ ಗೋಡೆಯ ಮೇಲಿನ ಕಾವಿ ಕಲೆ, ಸುಣ್ಣದ ಬಿಳಿಯ ಮೇಲೆ ಕೊರೆದು ತೆಗೆದ ಆ ಚಿತ್ರಗಳು, ಇಟ್ಟಿಗೆಗೆಂಪು. ಪದ ಒಂದೇ, ಬಣ್ಣ ಎರಡು. ಕಾರಣವೆಂದರೆ ಕಾವಿ ಬಣ್ಣದ ಹೆಸರಾಗುವ ಮೊದಲು ಮಣ್ಣಿನ ಹೆಸರು. ಮಣ್ಣು ಬಟ್ಟೆಗೆ ತೆಳುವಾಗಿ ಹತ್ತಿದಾಗ ಒಂದು ಬಣ್ಣ, ಗಾರೆಗೆ ದಟ್ಟವಾಗಿ ಕೂತಾಗ ಇನ್ನೊಂದು. ಕೆಂಪು, ಹಸಿರು, ಬಿಳಿ, ಕಪ್ಪುಗಳಿಗೆ ಭಾಷೆಗಳು ಬೇಗ ಸ್ವಂತ ಹೆಸರಿಡುತ್ತವೆ. ಕೆಂಪು ಹಳದಿಗಳ ನಡುವಿನ ಬಯಲಿಗೆ ಬಂದಾಗ ಹಣ್ಣು, ಹೂವು, ಮಣ್ಣು ಸಿಕ್ಕಿದ್ದನ್ನು ಎರವಲು ಪಡೆಯುತ್ತವೆ. ಇಂಗ್ಲಿಷೂ ಅಷ್ಟೇ. ಆರೆಂಜ್ ಹಣ್ಣು ಹೋಗಿ ಮುಟ್ಟುವವರೆಗೆ ಆ ಬಣ್ಣವನ್ನು ಅವರು ‘ಹಳದಿಗೆಂಪು’ ಎಂದೇ ಕರೆಯುತ್ತಿದ್ದರು.

ಹೀಗೆ ಹೆಸರು ಕೈಕೊಡುವ ಬಣ್ಣವನ್ನು ಹಿಡಿದು ನಿಲ್ಲಿಸುವುದು ಹೇಗೆ? ಇದಕ್ಕೆ ಉತ್ತರ ಮುಂಬಯಿಯ ಸಭೆ ನಡೆದ ವರ್ಷವೇ ಬೇರೆಡೆ ಸಿದ್ಧವಾಗುತ್ತಿತ್ತು. 1931ರ ಆಗಸ್ಟ್ 30ರಂದು ದೇಶ ಹೊಸ ಧ್ವಜದ ದಿನವನ್ನು ಆಚರಿಸಿತು. ಅದರ ಹಿಂದಿನ ದಿನವಷ್ಟೇ ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಹಡಗು ಹತ್ತಿದ್ದರು. ಅವರು ಇಂಗ್ಲೆಂಡ್ ತಲುಪಿದ ಅದೇ ಸೆಪ್ಟೆಂಬರಿನಲ್ಲಿ ಕೇಂಬ್ರಿಜ್‌ನಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗ ಸಭೆ ಸೇರಿ, ಯಾವುದೇ ಬಣ್ಣವನ್ನು ಅಂಕಿಗಳಲ್ಲಿ ಬರೆಯುವ ಪದ್ಧತಿಯೊಂದನ್ನು ಅಂಗೀಕರಿಸಿತು. ಅದಕ್ಕೆ ಆಧಾರ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಎಂಬಿಬ್ಬರು ಬೇರೆ ಬೇರೆಯಾಗಿ ನಡೆಸಿದ ಪ್ರಯೋಗಗಳು. ರೈಟ್ ಹತ್ತು ಜನರನ್ನು, ಗಿಲ್ಡ್ ಏಳು ಜನರನ್ನು ಕೂರಿಸಿ, ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ ಎದುರಿನ ಬಣ್ಣಕ್ಕೆ ಸರಿಹೊಂದಿಸಲು ಹೇಳಿದ್ದರು. ಆ ಹದಿನೇಳು ಜನರ ಕಣ್ಣುಗಳ ಸರಾಸರಿಯೇ ‘ಪ್ರಮಾಣ ವೀಕ್ಷಕ’. ಪ್ರಪಂಚದ ಬಣ್ಣದ ಲೆಕ್ಕವೆಲ್ಲ ಇಂದಿಗೂ ಬಹುಪಾಲು ಅದರ ಮೇಲೆ ನಿಂತಿದೆ.

ಭಾರತದ ಧ್ವಜವೂ ಅದರ ಮೇಲೆಯೇ ನಿಂತಿದೆ. 1951ರಲ್ಲಿ ಭಾರತೀಯ ಮಾನಕ ಸಂಸ್ಥೆ ರಾಷ್ಟ್ರಧ್ವಜದ ಮಾನಕವನ್ನು ಹೊರತಂದಿತು. ಅದರ ಸಂಖ್ಯೆ 1. ಮೆಟ್ರಿಕ್ ಪದ್ಧತಿ ಬಂದ ಮೇಲೆ 1964ರಲ್ಲಿ ಪರಿಷ್ಕರಣೆ, 1968ರಲ್ಲಿ ತಿದ್ದುಪಡಿ. ಅದರಲ್ಲಿ ಮೇಲಿನ ಪಟ್ಟಿಯ ಹೆಸರು ‘ಇಂಡಿಯಾ ಸ್ಯಾಫ್ರನ್’, ಪಕ್ಕದಲ್ಲಿ ಮತ್ತೆ ಆವರಣ, ಒಳಗೆ ಮತ್ತೆ ‘ಕೇಸರಿ’. ಆದರೆ ಈ ಬಾರಿ ಮುಂದೆ ಮೂರು ಅಂಕಿಗಳಿವೆ: 0.538, 0.360, 21.5. ಮೊದಲೆರಡು ಬಣ್ಣದ ನಕ್ಷೆಯ ಮೇಲೆ ಅದರ ಜಾಗವನ್ನು ತೋರಿಸುತ್ತವೆ, ಭೂಪಟದ ಅಕ್ಷಾಂಶ ರೇಖಾಂಶಗಳ ಹಾಗೆ. ಮೂರನೆಯದು ಬಟ್ಟೆ ಎಷ್ಟು ಬೆಳಗಾಗಿರಬೇಕು ಎಂಬುದು. ಹಸಿರಿಗೆ ಅದು 8.9, ಬಿಳಿಗೂ 72.6 ಮಾತ್ರ. ಭಗವಾ, ಕಾವಿ, ಕಾಷಾಯ, ತ್ಯಾಗ, ಧೈರ್ಯ ಯಾವುದಕ್ಕೂ ಇಲ್ಲಿ ಜಾಗವಿಲ್ಲ. ಅರ್ಥದ ಭಾರ ಹೊತ್ತು ಬಳಲಿದ ಬಣ್ಣಕ್ಕೆ ಇಷ್ಟು ನಿರ್ಭಾವದ ಗುರುತು ಸಿಕ್ಕಿದ್ದು ಒಳ್ಳೆಯದೇ ಆಯಿತು ಎನ್ನಬೇಕು.

ಅಂಕಿಯನ್ನು ಬಟ್ಟೆಗಿಳಿಸುವ ಕೆಲಸ ಬಹುಮಟ್ಟಿಗೆ ಉತ್ತರ ಕರ್ನಾಟಕದ ಪಾಲಿಗೆ ಬಂತು. ಧಾರವಾಡದ ಬಳಿಯ ಗರಗ ಧ್ವಜದ ಖಾದಿಗೆ ಹೆಸರಾದ ಊರು. ಹರ್ಡೀಕರರ ಹುಬ್ಬಳ್ಳಿಯಲ್ಲಿ, ಬೆಂಗೇರಿಯಲ್ಲಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ; ಹುಟ್ಟಿದ್ದು 1957ರ ನವೆಂಬರ್ 1ರಂದು, ರಾಜ್ಯ ಒಂದಾಗಿ ಸರಿಯಾಗಿ ಒಂದು ವರ್ಷಕ್ಕೆ. 2006ರಲ್ಲಿ ಮಾನಕ ಸಂಸ್ಥೆಯ ಗುರುತು ಪಡೆದ ಮೇಲೆ, ಮಾನಕಕ್ಕೆ ತಕ್ಕ ಖಾದಿ ಧ್ವಜ ಬೇಕೆಂದರೆ ದೇಶವೆಲ್ಲ ಇಲ್ಲಿಗೇ ಬರೆಯಬೇಕಾಯಿತು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬಟ್ಟೆ ಬರುತ್ತದೆ. ಅದನ್ನು ಮೂರು ಪಾಲು ಮಾಡಿ ಕೇಸರಿ ಒಂದು, ಹಸಿರು ಒಂದು, ಬಿಳಿ ಒಂದು ಮಾಡುತ್ತಾರೆ. ಆಮೇಲೆ ಕತ್ತರಿಸುವುದು, ಚಕ್ರ ಅಚ್ಚು ಹಾಕುವುದು, ಹೊಲಿಯುವುದು. ಅಂಗೈಯಗಲದ 150 ಮಿಲಿಮೀಟರಿನಿಂದ 6300 ಮಿಲಿಮೀಟರಿನವರೆಗೆ ಒಂಬತ್ತು ಅಳತೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು.

ಕೈಮಗ್ಗದ ನೂಲು ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ. ದಪ್ಪ ನೂಲು ಬಣ್ಣ ಹೆಚ್ಚು ಕುಡಿಯುತ್ತದೆ, ತೆಳು ನೂಲು ಕಡಿಮೆ. ಬಾವಿ ನೀರಿನ ಗಡಸುತನವೂ ಬಣ್ಣವನ್ನು ಆಚೀಚೆ ಎಳೆಯುತ್ತದೆ. ಹಸಿರು ಸ್ವಲ್ಪ ಹೆಚ್ಚುಕಡಿಮೆಯಾದರೆ ಹಸಿರೇ. ಕೇಸರಿ ಹಾಗಲ್ಲ. ಒಂದು ಕಡೆ ಜಾರಿದರೆ ಕೆಂಪು, ಇನ್ನೊಂದು ಕಡೆ ಜಾರಿದರೆ ಹಳದಿ, ಕಂದಿದರೆ ಕಾವಿ. ನಾಲ್ಕೂ ಕಡೆ ಬೇರೆಯವರ ಮನೆ ಇರುವ ಸಣ್ಣ ನಿವೇಶನದ ಹಾಗೆ ಅದು.

ಪಕ್ಕದ ಮನೆಗೆ ಜಾರುವುದು ಎಷ್ಟು ದೊಡ್ಡ ವಿಷಯವಾಗಬಲ್ಲದು ಎಂಬುದನ್ನು 2024ರಲ್ಲಿ ಅಮೃತಸರ ತೋರಿಸಿತು. ಗುರುದ್ವಾರಗಳ ನಿಶಾನ್ ಸಾಹಿಬ್‌ಗೆ ಸಿಖ್ಖರ ರಹತ್ ಮರ್ಯಾದೆ ಹೇಳುವ ಬಣ್ಣ ‘ಬಸಂತಿ’ ಇಲ್ಲವೇ ‘ಸುರಮಯಿ’. ಒಂದು ಸಾಸಿವೆ ಹೂವಿನ ಹಳದಿ, ಇನ್ನೊಂದು ಬೂದುನೀಲಿ. ಬಳಕೆಯಲ್ಲಿ ಹಳದಿ ಎಷ್ಟೋ ಕಡೆ ಕೇಸರಿಯಾಗಿಬಿಟ್ಟಿತ್ತು. ಆ ವರ್ಷ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಸುತ್ತೋಲೆ ಕಳಿಸಿ, ಕೇಸರಿಯಲ್ಲ, ಬಸಂತಿ ಎಂದು ನೆನಪಿಸಿತು. ಸ್ವರ್ಣಮಂದಿರದ ಎತ್ತರದ ಕಂಬಗಳ ಬಟ್ಟೆಯೂ ಬದಲಾಯಿತು. ಕೇಸರಿಯನ್ನು ಭಗವಾ ಎಂದು ತಿಳಿಯುವ ಗೊಂದಲ ತಪ್ಪಲಿ ಎಂಬುದು ಅದರ ಹಿಂದಿದ್ದ ಮಾತು. 1929ರಲ್ಲಿ ತಮ್ಮ ಬಣ್ಣಕ್ಕೆ ಜಾಗ ಕೇಳಿದ್ದವರು ತೊಂಬತ್ತೈದು ವರ್ಷಗಳ ಮೇಲೆ ತಮ್ಮ ಬಣ್ಣವನ್ನು ಪಕ್ಕದ ಬಣ್ಣದಿಂದ ಬಿಡಿಸಿಕೊಂಡರು.

ರಾಷ್ಟ್ರಧ್ವಜದ ಕೇಸರಿಯನ್ನು ಈಗ ಹೆಚ್ಚಾಗಿ ಆರಿಸುವವರು ಬಣ್ಣಗಾರರಲ್ಲ, ಕಂಪ್ಯೂಟರಿನ ಮುಂದೆ ಕೂತ ವಿನ್ಯಾಸಕಾರರು. ಪರದೆಯ ಮೇಲೆ ಎರಡು ಕೇಸರಿಗಳು ಓಡಾಡುತ್ತಿವೆ. ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣದಲ್ಲಿ ಹೇಳಿದರೆ ಒಂದು 255, 153, 51. ಇನ್ನೊಂದು 255, 103, 31. ಮೊದಲನೆಯದು ಮಾವಿನ ಹಣ್ಣಿನ ಕಡೆಗೆ ವಾಲಿದ ತಿಳಿ ಕಿತ್ತಳೆ. ಬಹು ವರ್ಷಗಳಿಂದ ಶುಭಾಶಯ ಪತ್ರ, ಪೋಸ್ಟರುಗಳಲ್ಲೆಲ್ಲ ಅದೇ ತುಂಬಿಕೊಂಡಿದೆ. ಎರಡನೆಯದು ದಟ್ಟ, ಕೆಂಪಿಗೆ ಹತ್ತಿರ. ಯಾವುದು ಸರಿ ಎಂದು ವಾದಿಸುವ ಬದಲು ಮಾನಕದ ನಕ್ಷೆಯ ಮೇಲಿಟ್ಟು ನೋಡಬಹುದು. ಮಾನಕದ ಎರಡನೆಯ ಅಂಕಿ 0.36. ಲೆಕ್ಕ ಹಾಕಿದರೆ ಮೊದಲ ಕೇಸರಿಯದು ಸುಮಾರು 0.42, ಎರಡನೆಯದರದು 0.38. ಅಂದರೆ ನಾವು ಪರದೆಯ ಮೇಲೆ ಹೆಚ್ಚು ಕಂಡು ರೂಢಿಯಾದ ಕೇಸರಿ, ಗೊತ್ತುವಳಿಯ ಕೇಸರಿಗಿಂತ ಸಾಕಷ್ಟು ಹಳದಿ. ‘ಡೀಪ್’ ಎಂಬ ವಿಶೇಷಣ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಕೈನೂಲು, ಕೈಮಗ್ಗದ ಜೊತೆಗೆ ಯಂತ್ರದಲ್ಲಿ ಮಾಡಿದ ಬಟ್ಟೆಗೂ, ಪಾಲಿಯೆಸ್ಟರಿಗೂ ಅನುಮತಿ ಸಿಕ್ಕಿತು. ಮುಂದಿನ ಆಗಸ್ಟ್‌ನಲ್ಲಿ ಮನೆಮನೆಯ ಮೇಲೂ ಧ್ವಜ ಹಾರಿತು. ಬೆಂಗೇರಿಯ ಸಂಘ ತಿದ್ದುಪಡಿಯನ್ನು ವಿರೋಧಿಸಿತು, ಬೇಡಿಕೆ ಕುಸಿಯಿತು ಎಂದಿತು. ಜೀವನೋಪಾಯದ ಆ ಪ್ರಶ್ನೆ ದೊಡ್ಡದು, ಅದರ ನೆರಳಿನಲ್ಲಿ ಬಣ್ಣದ ಪ್ರಶ್ನೆ ಕಾಣದೇ ಹೋಯಿತು. ಹತ್ತಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಜಾತಿಯ ಬಣ್ಣ ಬೇಕು, ಹೆಚ್ಚಿನ ಶಾಖ ಬೇಕು. ಬೇರೆ ಬೇರೆ ರಾಸಾಯನಿಕಗಳಿಂದ ಹೊಂದಿಸಿದ ಎರಡು ಬಣ್ಣಗಳಿಗೆ ಒಂದು ವಿಚಿತ್ರ ಸ್ವಭಾವವಿದೆ: ಒಂದು ಬೆಳಕಿನಲ್ಲಿ ಅವಳಿಗಳಂತೆ ಕಂಡವು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ. ಮಾನಕ ತನ್ನ ಅಂಕಿಗಳನ್ನು ಹಗಲು ಬೆಳಕಿಗೆ ಸಮನಾದ ಒಂದು ನಿಗದಿತ ಬೆಳಕಿಗೆ ಕಟ್ಟಿಹಾಕಿರುವುದು ಈ ಕಾರಣಕ್ಕೇ. ಅಂಗಡಿಯ ಟ್ಯೂಬ್‌ಲೈಟಿನಡಿ ಖಾದಿಯ ಕೇಸರಿಯನ್ನೂ ಪಾಲಿಯೆಸ್ಟರಿನ ಕೇಸರಿಯನ್ನೂ ಅಕ್ಕಪಕ್ಕ ಹಿಡಿದಾಗ ಎರಡೂ ಒಂದೇ ಎನಿಸಬಹುದು. ತಾರಸಿಗೆ ಒಯ್ದು ಬಿಸಿಲಿಗೆ ಬಿಚ್ಚಿದರೆ ಒಂದು ಇಟ್ಟಿಗೆಯ ಕಡೆಗೂ ಇನ್ನೊಂದು ಕಿತ್ತಳೆ ಹಣ್ಣಿನ ಕಡೆಗೂ ಸರಿದುಕೊಂಡುಬಿಡಬಹುದು.